ಎದ್ದು ಹೋಗಿದ್ದು ಯಾಕೆ? ದಾವಣಗೆರೆಯ ಒಂದು ಸ್ಕೂಟರ್ ಅಪಘಾತದ ಪ್ರಕರಣ

ಈ ಪ್ರಕರಣದಲ್ಲಿ ಬರುವ ಹುಡುಗನಿಗೆ ಆಗ 16 ವರ್ಷ. ಕಾನೂನಿನ ತೊಡಕಿಗೆ ಸಿಕ್ಕ ಮಕ್ಕಳ ಗುರುತು ಹೊರಗೆ ಬರಬಾರದು ಅಂತ 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಹಾಗಾಗಿ ಹೆಸರು, ಬಡಾವಣೆ, ತಿಂಗಳು, ಅಪ್ಪನ ವ್ಯಾಪಾರ ಇವನ್ನೆಲ್ಲ ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಯಾರು ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದರು ಅನ್ನೋದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಎರಡೂ ಮನೆಯವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಬರೆದದ್ದು ಇದು.

ನಾನು ದಾವಣಗೆರೆಯಲ್ಲಿ ಬಹಳ ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ಕಾನೂನು ಸೇವಾ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಅರ್ಜಿ ಬರೆದುಕೊಡೋದು, ಯಾವ ಕಚೇರಿಗೆ ಹೋಗಬೇಕು ಅಂತ ಹೇಳೋದು, ವಕೀಲರ ಹತ್ತಿರ ಕಳಿಸೋದು ಇಷ್ಟೇ ನನ್ನ ಕೆಲಸ. ಈ ಪ್ರಕರಣದಲ್ಲಿ ಹುಡುಗನ ಅಕ್ಕ ನನ್ನ ಹಳೆಯ ವಿದ್ಯಾರ್ಥಿನಿ. ಗಾಯಗೊಂಡ ಹೆಂಗಸಿನ ಮಗಳು ಕೂಡ ನಾನು ಕೆಲಸ ಮಾಡಿದ ಶಾಲೆಯಲ್ಲೇ ಒಂಬತ್ತನೇ ಕ್ಲಾಸ್ ಓದುತ್ತಿದ್ದಳು. ಎರಡೂ ಮನೆಯವರಿಗೆ ನನ್ನ ಮನೆ ಬಾಗಿಲು ಗೊತ್ತಿತ್ತು.

ಕೀಲಿ ಕೈಗೆ ಬಂದ ಬಗೆ

ಹುಡುಗನ ಅಪ್ಪನದು ಪೇಟೆಯಲ್ಲಿ ಒಂದು ಅಂಗಡಿ. ಬೆಳಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೇ ಮನೆ. ಮನೆಯಲ್ಲಿ 110 ಸಿಸಿಯ ಒಂದು ಸ್ಕೂಟರ್ ಇತ್ತು, ಅಪ್ಪನ ಹೆಸರಿನಲ್ಲಿ. ಕೀಲಿ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿರುತ್ತಿತ್ತು.

ಮಗನ ಕೈಗೆ ಗಾಡಿ ಕೊಟ್ಟಿದ್ದು ಯಾವಾಗ ಅಂತ ನಾನು ಆಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಕೇಳಿದೆ. ಇಬ್ಬರಿಗೂ ಒಂದು ದಿನ ತೋರಿಸಲು ಆಗಲಿಲ್ಲ. 13ನೇ ವರ್ಷಕ್ಕೆ ಓಣಿಯಲ್ಲಿ ಸುಮ್ನೆ ಒಂದು ರೌಂಡು ಹೊಡೆಸಿದ್ದರು. 14ಕ್ಕೆ ಮೊಸರು ತರಲು ನಂದಿನಿ ಬೂತಿನವರೆಗೆ ಹೋದ. ಮನೆಗೆ ನೆಂಟರು ಬಂದಾಗ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ. ಆವತ್ತು ಎಲ್ಲರೂ ಹೊಗಳಿದರಂತೆ, ‘ಹುಡುಗ ಜವಾಬ್ದಾರಿ ಕಲಿತಿದಾನೆ’ ಅಂತ. ಪಿಯುಸಿಗೆ ಸೇರಿದ ಮೇಲೆ ಟ್ಯೂಷನ್ ಶುರುವಾಯಿತು, ಗಾಡಿ ಅವನದೇ ಅನ್ನುವ ಹಾಗಾಯಿತು.

‘ಗೇರ್ ಇಲ್ಲದ ಗಾಡಿ ಅಲ್ವಾ ಮೇಡಂ, 16ಕ್ಕೆ ಲೈಸೆನ್ಸ್ ಕೊಡ್ತಾರಲ್ಲ’ ಅಂದರು ಅಪ್ಪ. ಈ ಮಾತನ್ನು ನಾನು ದಾವಣಗೆರೆಯಲ್ಲಿ ಬಹಳ ಮನೆಗಳಲ್ಲಿ ಕೇಳಿದ್ದೇನೆ. ಅರ್ಧ ಮಾತ್ರ ನಿಜ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಂ ಪ್ರಕಾರ 16 ತುಂಬಿದವರು ಓಡಿಸಬಹುದಾದದ್ದು 50 ಸಿಸಿ ಮೀರದ ಇಂಜಿನ್ನಿನ ಗಾಡಿ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ಈಗ ಮನೆ ಮನೆಯಲ್ಲಿ ಇರುವ ಸ್ಕೂಟರ್‌ಗಳು 110, 125 ಸಿಸಿಯವು. ಅವಕ್ಕೆ 18 ತುಂಬಲೇಬೇಕು. ಗೇರ್ ಇದೆಯೋ ಇಲ್ಲವೋ ಅನ್ನೋದು ಆಮೇಲಿನ ಮಾತು. ಈ ಹುಡುಗನಿಗೆ 50 ಸಿಸಿಯ ಲೈಸೆನ್ಸೂ ಇರಲಿಲ್ಲ.

ಆ ಸಂಜೆ

ರಸ್ತೆ ಯಾವುದು ಅಂತ ಬರೆಯೋದಿಲ್ಲ. ಹಳೇ ಪಿ.ಬಿ. (ಪೂನಾ-ಬೆಂಗಳೂರು) ರಸ್ತೆಯ ಹಾಗೆ ನಡುವೆ ಡಿವೈಡರ್ ಇರುವ ರಸ್ತೆ ಅಂದುಕೊಳ್ಳಿ. ಹೈವೇ ಊರ ಹೊರಗೆ ಬೈಪಾಸ್‌ಗೆ ಹೋಗಿ ಎಷ್ಟೋ ವರ್ಷವಾಯಿತು. ಆದರೂ ಸಂಜೆ ಆರರ ಮೇಲೆ ಈ ರಸ್ತೆಗಳಲ್ಲಿ ಹರಿಹರದ ಬಸ್ಸು, ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್, ಆಟೋ, ಟ್ಯೂಷನ್ ಬಿಟ್ಟ ಮಕ್ಕಳ ಸೈಕಲ್, ದೋಸೆ ಹೋಟೆಲ್ ಮುಂದೆ ಅಡ್ಡಡ್ಡ ನಿಲ್ಲಿಸಿದ ಕಾರು ಎಲ್ಲ ಒಟ್ಟಿಗೇ ಇರುತ್ತವೆ.

ಹುಡುಗನ ಟ್ಯೂಷನ್ ಇದ್ದದ್ದು ರಸ್ತೆಯ ಆಚೆ ಬದಿಗೆ, ಸ್ವಲ್ಪ ಹಿಂದಕ್ಕೆ. ಸರಿಯಾಗಿ ಹೋಗಬೇಕೆಂದರೆ ಮುಂದಿನ ಸರ್ಕಲ್‌ವರೆಗೆ ಹೋಗಿ ತಿರುಗಿ ಬರಬೇಕು. ಹೆಚ್ಚು ಅಂದರೆ 400 ಮೀಟರ್ ಸುತ್ತು. ಅದನ್ನು ಉಳಿಸಲು ಅವನು ದಿನವೂ ರಾಂಗ್ ಸೈಡಿನಲ್ಲಿ ನುಗ್ಗುತ್ತಿದ್ದ. ಅವನೊಬ್ಬನೇ ಅಲ್ಲ. ಹಾಲಿನ ಗಾಡಿ, ಗ್ಯಾಸ್ ಸಿಲಿಂಡರ್ ಗಾಡಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ಅಪ್ಪಂದಿರು, ಎಲ್ಲರೂ ಅಲ್ಲಿ ಹಾಗೇ ಹೋಗುತ್ತಾರೆ. ನಾನೇ ಎಷ್ಟೋ ಸಲ ಅಲ್ಲಿ ಆಟೋದಲ್ಲಿ ಕೂತು ರಾಂಗ್ ಸೈಡಿನಲ್ಲಿ ಹೋಗಿದ್ದೇನೆ, ಬೇಡ ಅಂತ ಡ್ರೈವರಿಗೆ ಹೇಳಿಲ್ಲ.

ಗಾಯಗೊಂಡ ಹೆಂಗಸಿಗೆ ನಲವತ್ತರ ಮೇಲಿನ ವಯಸ್ಸು. ಮಂಡಕ್ಕಿ ಭಟ್ಟಿಯಲ್ಲಿ ಕೂಲಿ. ದಿನಕ್ಕೆ 350 ರೂಪಾಯಿ. ಗಂಡ ಇಲ್ಲ, ಮಗಳೊಬ್ಬಳೇ. ಆವತ್ತು ಭಟ್ಟಿ ಬಿಟ್ಟು, ಕೈಯಲ್ಲಿ ಒಂದು ಚೀಲ ಮಂಡಕ್ಕಿ ಹಿಡಿದು, ಬಸ್ ಹತ್ತಲು ರಸ್ತೆ ದಾಟುತ್ತಿದ್ದರು. ಗಾಡಿಗಳು ಬಲಗಡೆಯಿಂದ ಬರುತ್ತವೆ, ಹಾಗಾಗಿ ಬಲಕ್ಕೆ ನೋಡಿದರು. ಖಾಲಿ ಇತ್ತು. ನಿಂತಿದ್ದ ಕಾರಿನ ಮರೆಯಿಂದ ಎರಡು ಹೆಜ್ಜೆ ಇಟ್ಟರು. ಸ್ಕೂಟರ್ ಎಡಗಡೆಯಿಂದ ಬಂತು.

ವೇಗ ಎಷ್ಟಿತ್ತು ಅಂತ ಕೇಳಿದಾಗ ಹುಡುಗ ‘ಜಾಸ್ತಿ ಇರಲಿಲ್ಲ, ನಲವತ್ತು ಇರಬಹುದು’ ಅಂದ. ಗಂಟೆಗೆ 40 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ 11 ಮೀಟರ್. ನಾನು ಪಾಠ ಮಾಡುತ್ತಿದ್ದ ಕ್ಲಾಸ್ ರೂಮಿನ ಉದ್ದಕ್ಕಿಂತ ಜಾಸ್ತಿ. ಎದುರಿಗೆ ಜನ ಕಂಡು ಬ್ರೇಕ್ ಮೇಲೆ ಬೆರಳು ಬೀಳುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ, ಗಾಡಿ ನಿಲ್ಲಲು ಇನ್ನಷ್ಟು ದೂರ ಬೇಕು. ಈ ಲೆಕ್ಕವನ್ನು ನಾನು ಅವನ ಮುಂದೆ ಹಾಳೆಯ ಮೇಲೆ ಮಾಡಿ ತೋರಿಸಿದೆ. ಫಿಸಿಕ್ಸ್ ಓದುವ ಹುಡುಗ, ಅವನಿಗೆ ತಕ್ಷಣ ಅರ್ಥವಾಯಿತು. ತುಂಬ ಹೊತ್ತು ಹಾಳೆ ನೋಡುತ್ತ ಕೂತ.

ಹೆಂಗಸು ಬಿದ್ದರು. ಹುಡುಗನೂ ಬಿದ್ದ, ಮೊಣಕೈ ತರಚಿತು. ಹೆಲ್ಮೆಟ್ ಇರಲಿಲ್ಲ. ಎದ್ದವನು ಮೊದಲು ಆ ಹೆಂಗಸಿನ ಹತ್ತಿರವೇ ಓಡಿದ. ಚೀಲ ಒಡೆದು ರಸ್ತೆ ತುಂಬ ಮಂಡಕ್ಕಿ ಚೆಲ್ಲಿತ್ತು. ‘ಅಕ್ಕಾ, ಅಕ್ಕಾ’ ಅನ್ನುತ್ತ ಅವರನ್ನು ಎಬ್ಬಿಸಲು ಹೋದ. ಕಾಲು ತಿರುಚಿಕೊಂಡಿದ್ದು ನೋಡಿ ಹೆದರಿ ಕೈ ಬಿಟ್ಟ. ಇಷ್ಟು ಹೊತ್ತಿಗೆ ಜನ ಸೇರಿದರು. ಅವರಲ್ಲಿ ಅಪ್ಪನ ಪರಿಚಯದವರೊಬ್ಬರು ಇದ್ದರು. ಅವರು ಹುಡುಗನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು ಹೇಳಿದ್ದು: ‘ನಿಂಗೆ ಲೈಸೆನ್ಸ್ ಇಲ್ಲ. ಜನ ಹೊಡೀತಾರೆ. ಮೊದ್ಲು ಮನೆಗೆ ಹೋಗು, ನಾನು ನೋಡ್ಕೋತೀನಿ.’

ಹುಡುಗ ಗಾಡಿ ಎತ್ತಿಕೊಂಡು ಹೋದ. ‘ನೋಡ್ಕೋತೀನಿ’ ಅಂದವರು ಅಪ್ಪನಿಗೆ ಫೋನ್ ಮಾಡಿ ಅವರೂ ಹೊರಟುಹೋದರು. ಆ ಹೆಂಗಸನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದವರು ಒಬ್ಬ ಆಟೋ ಡ್ರೈವರ್. ಸಹಾಯ ಮಾಡಿದವರ ಮೇಲೆ ಕೇಸು ಬೀಳುವುದಿಲ್ಲ, ಹೆಸರು ಹೇಳಿ ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ 134ಎ ಕಲಂ ಬಂದಿದೆ. ಆ ಡ್ರೈವರ್‌ಗೆ ಅದೊಂದೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಎತ್ತಿದರು, ರಾತ್ರಿ ಹತ್ತರವರೆಗೆ ಅಲ್ಲೇ ಕೂತಿದ್ದರು, ಮಗಳನ್ನು ಮನೆಯಿಂದ ಕರೆತಂದರು.

ರಾತ್ರಿಯ ಮಾತುಕತೆ

ಮೊಣಕಾಲ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ರಾಡ್ ಹಾಕಬೇಕು, ನಾಲ್ಕು ತಿಂಗಳು ಕೆಲಸಕ್ಕೆ ಹೋಗುವ ಹಾಗಿಲ್ಲ ಅಂತ ಡಾಕ್ಟರ್ ಹೇಳಿದರು. ಆಸ್ಪತ್ರೆಯಿಂದ ಠಾಣೆಗೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ, ಅಂತ ಮಾಹಿತಿ ಹೋಯಿತು. ಪೊಲೀಸರು ಬಂದು ಹೇಳಿಕೆ ಪಡೆದಾಗ ಆ ಹೆಂಗಸು ನೋವಿನಲ್ಲಿ ಹೇಳಿದ್ದು ಇಷ್ಟು: ‘ಯಾವನೋ ಹುಡುಗ. ಮಖ ಸರಿಯಾಗಿ ನೋಡ್ಲಿಲ್ಲ.’

ಅತ್ತ ಹುಡುಗನ ಮನೆಯಲ್ಲಿ ಸಭೆ ಸೇರಿತ್ತು. ಅಪ್ಪ, ಚಿಕ್ಕಪ್ಪ, ಸೋದರಮಾವ, ಆ ಪರಿಚಯದವರು. ಚಿಕ್ಕಪ್ಪನಿಗೆ 28 ವರ್ಷ, ಲೈಸೆನ್ಸ್ ಇದೆ. ನೋಡಿದರೆ ‘ಹುಡುಗ’ ಅನ್ನಬಹುದಾದ ಆಳು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತಂತೆ, ಗಾಡಿ ಓಡಿಸಿದ್ದು ಚಿಕ್ಕಪ್ಪ ಅಂತ. ಹೆಂಗಸಿನ ಮನೆಗೆ 20,000 ರೂಪಾಯಿ ಕೊಟ್ಟು ಕೇಸು ಮುಂದಕ್ಕೆ ಹೋಗದ ಹಾಗೆ ನೋಡಿಕೊಳ್ಳೋದು. ಹುಡುಗ ಅದೇ ಮನೆಯ ಒಳಕೋಣೆಯಲ್ಲಿ ಮಲಗಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಇವರು ಕೆಟ್ಟ ಜನ ಅಂತ ಓದುವವರು ಅಂದುಕೊಳ್ಳಬಾರದು. ಅವರ ಹೆದರಿಕೆಗೆ ಕಾರಣ ಇತ್ತು. 2019ರ ಸೆಪ್ಟೆಂಬರ್ 1ರಿಂದ ಅದೇ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಜಾರಿಯಲ್ಲಿದೆ. 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಅದರ ಮೇಲೆ ವಿಮೆಯ ಚಿಂತೆ. ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಇಂಥ ಎಷ್ಟೋ ಕೇಸುಗಳಲ್ಲಿ ಕೋರ್ಟು ಕಂಪನಿಯಿಂದ ಗಾಯಗೊಂಡವರಿಗೆ ಮೊದಲು ಹಣ ಕೊಡಿಸಿ, ಆಮೇಲೆ ಗಾಡಿ ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಹೇಳುತ್ತದೆ. ಅಂದರೆ ಕೊನೆಗೆ ಅಪ್ಪನ ಕೈಯಿಂದಲೇ ಹೋಗುತ್ತದೆ. ಚಿಕ್ಕಪ್ಪನ ಹೆಸರು ಹಾಕಿದರೆ ಇದೆಲ್ಲ ಒಂದೇ ಏಟಿಗೆ ಮಾಯ.

ಹತ್ತೂವರೆಗೆ ಅಪ್ಪ, ಚಿಕ್ಕಪ್ಪ ನನ್ನ ಮನೆಗೆ ಬಂದರು. ‘ಮೇಡಂ, ಆಯಮ್ಮನ ಮಗಳು ನಿಮ್ಮ ಶಾಲೇಲಿ ಓದ್ತಾಳಂತೆ. ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ’ ಅಂದರು. ಹೆಸರು ಬದಲಿಸುವ ವಿಷಯವನ್ನೂ ಮುಚ್ಚಿಡದೆ ಹೇಳಿದರು.

ಇಲ್ಲಿ ನಾನು ತಪ್ಪಿದೆ. ನಾನು ಹೇಳಿದ್ದು: ‘ಮೊದಲು ಆಯಮ್ಮನ ಚಿಕಿತ್ಸೆ ನೋಡೋಣ. ಹೆಸರಿನ ಮಾತು ಆಮೇಲೆ ಆಡೋಣ.’ ಆ ಹೊತ್ತಿಗೆ ಇದೇ ತಿಳಿವಳಿಕೆಯ ಮಾತು ಅಂತ ನನಗೆ ಅನ್ನಿಸಿತ್ತು. ಅವರು ಅದನ್ನು ಮೇಡಂ ಬೇಡ ಅನ್ನಲಿಲ್ಲ ಅಂತ ತಿಳಿದುಕೊಂಡರು. ಮಾರನೆಯ ಬೆಳಗ್ಗೆ ಚಿಕ್ಕಪ್ಪ ಠಾಣೆಗೆ ಹೋಗಿ ತಾನೇ ಓಡಿಸುತ್ತಿದ್ದೆ ಅಂತ ಹೇಳಿಕೆ ಕೊಟ್ಟುಬಿಟ್ಟರು. ಸುಳ್ಳು ಮಾಹಿತಿ ಕೊಡೋದು, ತಪ್ಪು ಮಾಡಿದವರನ್ನು ಮರೆ ಮಾಡೋದು ಬೇರೆಯೇ ಅಪರಾಧ ಅಂತ ನಾನು ಆ ರಾತ್ರಿಯೇ ಹೇಳಬೇಕಿತ್ತು. ನನಗೆ ಅದು ಗೊತ್ತಿತ್ತು.

20,000 ರೂಪಾಯಿ

ಎರಡನೆಯ ದಿನ ಸೋದರಮಾವ ಹಣ ತೆಗೆದುಕೊಂಡು ಆಸ್ಪತ್ರೆಗೆ ಹೋದರು. ನಾನೂ ಅಲ್ಲಿದ್ದೆ. ಕವರ್ ದಿಂಬಿನ ಹತ್ತಿರ ಇಟ್ಟು, ‘ಇದು ಖರ್ಚಿಗೆ ಇರ್ಲಿ ಕಣಮ್ಮ. ಕೇಸು ಗೀಸು ಅಂತ ಹೋದ್ರೆ ನಿಮ್ಗೂ ಅಲೆದಾಟ, ನಮ್ಗೂ ಅಲೆದಾಟ’ ಅಂದರು.

ಆಯಮ್ಮ ಮಗಳ ಕಡೆ ತಿರುಗಿ, ‘ಲೆಕ್ಕ ಹಾಕವ್ವ’ ಅಂದರು. ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಭಾಗಾಕಾರ ಮಾಡಿದಳು. 20,000 ಅಂದರೆ 57 ದಿನದ ಕೂಲಿ. ಡಾಕ್ಟರ್ ಹೇಳಿದ್ದು ನಾಲ್ಕು ತಿಂಗಳು. ‘ಇದು ಅದ್ರಾಗೆ ಅರ್ಧಕ್ಕೂ ಆಗಲ್ಲ ಸಾಮಿ. ಔಷಧಿ, ಮನೆ ಬಾಡಿಗೆ ಬ್ಯಾರೆ’ ಅಂದರು ಆಯಮ್ಮ. ಕವರ್ ವಾಪಸ್ ಕೊಟ್ಟರು. ಜಗಳ ಮಾಡಲಿಲ್ಲ, ದನಿ ಕೂಡ ಏರಿಸಲಿಲ್ಲ.

ಅಲ್ಲೇ ಇದ್ದ ಆಟೋ ಡ್ರೈವರ್‌ನನ್ನು ಸೋದರಮಾವ ಹೊರಗೆ ಕರೆದು ಏನೋ ಮಾತಾಡಿದರು. ಅವರು ಒಳಗೆ ಬಂದು ನನಗೆ ಹೇಳಿದರು: ‘ಮೇಡಂ, ನಾನು ಕಣ್ಣಾರೆ ನೋಡಿದೀನಿ. ಓಡಿಸಿದ್ದು ಮೀಸೆ ಮೂಡದ ಹುಡುಗ. ಕೇಳಿದ್ರೆ ಅದನ್ನೇ ಹೇಳ್ತೀನಿ. ಕೇಳ್ದಿದ್ರೆ ನಾನಾಗಿ ಹೋಗಿ ಹೇಳಲ್ಲ, ಅಷ್ಟೇ.’

ಹೆಸರು ಬದಲಿಸಿದರೆ ಆಯಮ್ಮನಿಗೆ ಏನು ನಷ್ಟ ಅಂತ ಕೆಲವರು ಕೇಳುತ್ತಾರೆ. ಹಣ ವಿಮಾ ಕಂಪನಿಯಿಂದ ಬಂದರೆ ಸಾಕಲ್ಲ ಅಂತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರಿಹಾರ ಕೇಳುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅಲ್ಲಿ ಕಂಪನಿಯ ವಕೀಲರು ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಓಡಿಸಿದವರು ಯಾರು, ಆ ಹೊತ್ತಿಗೆ ಚಿಕ್ಕಪ್ಪ ಎಲ್ಲಿದ್ದರು, ಯಾರು ನೋಡಿದರು. ಡ್ರೈವರ್ ವಿಷಯದಲ್ಲಿ ಸುಳ್ಳು ಹೊರಬಿದ್ದರೆ ಇಡೀ ಅಪಘಾತವೇ ಅನುಮಾನ ಅಂತ ವಾದ ಮಾಡಲು ದಾರಿಯಾಗುತ್ತದೆ. ಕಾಲು ಮುರಿದವರು ಸುಳ್ಳು ಹೇಳಿರುವುದಿಲ್ಲ. ಆದರೆ ಬೇರೆಯವರ ಸುಳ್ಳಿನಿಂದ ಅವರ ಹಣ ವರ್ಷಗಟ್ಟಲೆ ನಿಲ್ಲಬಹುದು. ಮಗನನ್ನು ಉಳಿಸುತ್ತೇವೆ ಅಂದುಕೊಂಡವರು ಆ ಭಾರವನ್ನು ಹಾಸಿಗೆ ಹಿಡಿದ ಹೆಂಗಸಿನ ಮೇಲೆ ಹಾಕಿದ್ದರು.

ಹುಡುಗ ಬಂದ ದಿನ

ನಾಲ್ಕನೆಯ ದಿನ ಸಂಜೆ ಹುಡುಗ ಸೈಕಲ್ ತುಳಿದುಕೊಂಡು ನನ್ನ ಮನೆಗೆ ಬಂದ. ಮನೆಯಲ್ಲಿ ಹೇಳಿ ಬಂದಿರಲಿಲ್ಲ. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಅಂತ ಅವನ ಅಕ್ಕ ಫೋನಿನಲ್ಲಿ ಹೇಳಿದ್ದಳು.

‘ಮೇಡಂ, ನಾನೇ ಹೊಡೆದಿದ್ದು ಅಂತ ಹೇಳೋಕೂ ನನ್ನ ಬಿಡ್ತಿಲ್ಲ’ ಅಂದ.

ಈ ಪ್ರಕರಣ ತಿರುಗಿದ್ದು ಇಲ್ಲಿ ಅಂತ ನನ್ನ ನಂಬಿಕೆ. ಆ ಸಂಜೆ ಆಯಮ್ಮನ ಹತ್ತಿರ ಓಡಿದವನು ಇವನೇ. ಅಲ್ಲಿಂದ ಅವನ ರಟ್ಟೆ ಹಿಡಿದು ಎಳೆದವರು ದೊಡ್ಡವರು. ಗಾಡಿ ಹಿಂದಿನ ಮನೆಯಲ್ಲಿ ಬಚ್ಚಿಟ್ಟವರು ದೊಡ್ಡವರು. ಹೇಳಿಕೆ ಕೊಟ್ಟವರು ದೊಡ್ಡವರು. ‘ಕಾಲೇಜಲ್ಲಿ ಯಾರಿಗೂ ಬಾಯಿ ಬಿಡಬೇಡ’ ಅಂತ ಅಮ್ಮ ದಿನವೂ ಹೇಳಿ ಕಳಿಸುತ್ತಿದ್ದರು. ರಾಂಗ್ ಸೈಡಿನಲ್ಲಿ ಹೋಗಿದ್ದು ಹುಡುಗನ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ತಪ್ಪನ್ನು ಹೊರಲು ಅವನು ಸಿದ್ಧನಿದ್ದ, ಮನೆಯವರು ಕಿತ್ತುಕೊಂಡು ಚಿಕ್ಕಪ್ಪನ ತಲೆಗೆ ಕಟ್ಟಿದರು.

ಈ ಸಲ ನಾನು ಮುಂದಕ್ಕೆ ಹಾಕಲಿಲ್ಲ. ಅವನನ್ನು ಕರೆದುಕೊಂಡು ಅವನ ಮನೆಗೇ ಹೋದೆ. ಅಪ್ಪ ಅಂಗಡಿಯಿಂದ ಬರುವವರೆಗೆ ಕಾದೆ. ಹೆಸರು ಬದಲಿಸಿದ್ದು ತಪ್ಪು, ನಾನು ಇದರಲ್ಲಿ ಇರುವುದಿಲ್ಲ, ಮೊದಲ ದಿನವೇ ಹೇಳದೆ ಇದ್ದದ್ದಕ್ಕೆ ನನ್ನದೂ ತಪ್ಪಿದೆ ಅಂತ ನೇರವಾಗಿ ಹೇಳಿದೆ. ಆಟೋ ಡ್ರೈವರ್ ಏನು ನೋಡಿದ್ದಾರೆ ಅನ್ನೋದನ್ನೂ ಹೇಳಿದೆ. ಚಿಕ್ಕಪ್ಪ ಸಿಟ್ಟಾದರು. ‘ನಾನು ಮನೆ ಹುಡುಗನಿಗೋಸ್ಕರ ಮೈಮೇಲೆ ಹಾಕ್ಕೊಂಡಿದೀನಿ, ನಿಮಗೇನು ಕಷ್ಟ’ ಅಂದರು. ಅವರ ಪ್ರೀತಿ ಸುಳ್ಳಲ್ಲ. ಆದರೆ ಅದನ್ನು ಕೇಳುತ್ತಿದ್ದ ಹುಡುಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಪ್ಪ ಅದನ್ನು ನೋಡಿದರು. ಏನೂ ಮಾತಾಡಲಿಲ್ಲ. ‘ನಾಳೆ ವಕೀಲರ ಹತ್ರ ಹೋಗೋಣ ಮೇಡಂ’ ಅಂದರು.

ವಕೀಲರ ಒಂದು ಪ್ರಶ್ನೆ

ವಕೀಲರು ಎಲ್ಲ ಕೇಳಿಸಿಕೊಂಡರು. 199ಎ ಕಲಂನಲ್ಲಿ ಪೋಷಕರಿಗೆ ಒಂದು ಕಿಂಡಿ ಇದೆ. ತನಗೆ ಗೊತ್ತಿಲ್ಲದೆ ಮಗ ಗಾಡಿ ತೆಗೆದುಕೊಂಡು ಹೋದ ಅಂತಲೋ, ತಡೆಯಲು ನಾನು ಮಾಡಬೇಕಾದದ್ದೆಲ್ಲ ಮಾಡಿದ್ದೆ ಅಂತಲೋ ಸಾಬೀತು ಮಾಡಿದರೆ ಅಪ್ಪ ಉಳಿಯಬಹುದು. ವಕೀಲರು ತಮ್ಮ ಕೆಲಸವಾಗಿ ಅದನ್ನು ಕೇಳಿದರು: ‘ನಿಮಗೆ ಗೊತ್ತಿಲ್ಲದೆ ಕೀಲಿ ತಗೊಂಡು ಹೋಗಿದ್ನಾ?’

ಹುಡುಗ ಪಕ್ಕದಲ್ಲೇ ಕೂತಿದ್ದ. ‘ಹೌದು’ ಅಂದಿದ್ದರೆ ಅವನು ಸ್ವಂತ ಮನೆಯಲ್ಲೇ ಕಳ್ಳನಾಗುತ್ತಿದ್ದ. ಅಪ್ಪ ಸುಮಾರು ಹೊತ್ತು ಮೇಜು ನೋಡುತ್ತಿದ್ದರು. ಆಮೇಲೆ ಹೇಳಿದರು: ‘ಇಲ್ಲ ಸಾರ್. ಆವತ್ತು ಬೆಳಗ್ಗೆ ನಾನೇ ಪೆಟ್ರೋಲ್ ಹಾಕಿಸಿ ಕೊಟ್ಟಿದ್ದೆ.’

ಆಟೋ ಡ್ರೈವರ್‌ನ ಸಾಕ್ಷಿಯ ಭಯ ಎಷ್ಟು, ಮಗನ ಮುಖ ನೋಡಿ ಕರಗಿದ್ದು ಎಷ್ಟು ಅಂತ ನಾನು ಅವರನ್ನು ಕೇಳಿಲ್ಲ. ಎರಡೂ ಇದ್ದಿರಬೇಕು. ಆದರೆ ಆ ಒಂದು ವಾಕ್ಯವನ್ನು ಅವರು ಹೆದರಿ ಹೇಳಲಿಲ್ಲ. ಕಿಂಡಿ ಎದುರಿಗೇ ತೆರೆದಿತ್ತು, ಅದರಲ್ಲಿ ಹೋಗಲಿಲ್ಲ.

ಆರನೆಯ ದಿನ ಅಪ್ಪ, ಚಿಕ್ಕಪ್ಪ, ಹುಡುಗ ಮೂವರೂ ಠಾಣೆಗೆ ಹೋಗಿ ಹೇಳಿಕೆ ತಿದ್ದಿಸಿದರು. ಬೈಗುಳ ಬಿದ್ದೇ ಬಿತ್ತು. ಚಿಕ್ಕಪ್ಪನಿಗೆ ಬಿಸಿ ಸ್ವಲ್ಪ ಜಾಸ್ತಿಯೇ ತಟ್ಟಿತು. ತಾವಾಗಿಯೇ ಬಂದು ನಿಜ ಹೇಳಿದರು ಅನ್ನೋದನ್ನು ಅಧಿಕಾರಿಗಳು ಬರೆದುಕೊಂಡರು.

ಆಮೇಲೆ

ಹುಡುಗನ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಯಿತು. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಮಹಿಳೆ ಇರಲೇಬೇಕು. ಮನೆಯವರು ಹೆದರಿದ್ದ ಹಾಗೆ ಅವನನ್ನು ಕಟಕಟೆಯಲ್ಲಿ ನಿಲ್ಲಿಸಲಿಲ್ಲ. ಕೂರಿಸಿಕೊಂಡು ಮಾತಾಡಿಸಿದರು. ಬುದ್ಧಿ ಹೇಳಿ, ಆಪ್ತ ಸಮಾಲೋಚನೆಗೆ ಕಳಿಸಿ, ಕೆಲವು ಶನಿವಾರ ಸಮುದಾಯ ಸೇವೆ ಮಾಡಲು ಹೇಳಿದರು. ಅಪ್ಪ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು 25,000 ದಂಡ ಕಟ್ಟಿದರು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಯಿತು. 25 ವರ್ಷದವರೆಗೆ ಹುಡುಗನಿಗೆ ಲೈಸೆನ್ಸ್ ಇಲ್ಲ. ಸೈಕಲ್ಲಿನಲ್ಲೇ ಕಾಲೇಜಿಗೆ ಹೋಗುತ್ತಾನೆ.

ಆಯಮ್ಮನಿಗೆ ಉಚಿತ ಕಾನೂನು ನೆರವು ಕೊಡಿಸಿದೆವು. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಇದು ಸಿಗುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಅಂತ ತಿದ್ದುಪಡಿಯಲ್ಲಿ ಬಂದಿರುವುದರಿಂದ ಎರಡನೇ ತಿಂಗಳಲ್ಲೇ ಹಾಕಿಸಿದೆವು. ಕೇಸಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿ ಅಪ್ಪ ಪ್ರತಿ ತಿಂಗಳು ಮನೆ ಬಾಡಿಗೆ ಮತ್ತು ಔಷಧಿಯ ಖರ್ಚು ಕೊಟ್ಟರು. ಈ ಹಣವನ್ನು ಆಯಮ್ಮ ತೆಗೆದುಕೊಂಡರು. ‘ಬಾಯಿ ಮುಚ್ಸೋಕೆ ಕೊಟ್ಟಿದ್ದಲ್ಲ ಇದು’ ಅಂದರು.

ಹುಡುಗ ಆಯಮ್ಮನನ್ನು ನೋಡಲು ಹೋಗಿದ್ದು ಮೂರನೆಯ ವಾರ. ನಾನು ಜೊತೆಗಿದ್ದೆ. ಏನು ಹೇಳಬೇಕು ಅಂತ ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ. ಒಳಗೆ ಹೋಗಿ ಕಾಲು ಮುಟ್ಟಿ ‘ತಪ್ಪಾಯ್ತು ಅಕ್ಕ’ ಅಂದ, ಮುಂದಿನದೆಲ್ಲ ಮರೆತುಹೋಯಿತು.

ಆಯಮ್ಮ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ‘ಹೊಡದಿದ್ದು ಕೈತಪ್ಪಿ ಆತು ಅನ್ಕಂತೀನಿ. ಎದ್ದು ಹೋಗಿದ್ದು ಯಾಕಪ್ಪಾ? ನಾನು ಬಿದ್ಕಂಡೇ ನೋಡ್ತಿದ್ದೆ. ನೀನು ಗಾಡಿ ಎತ್ತಿ ಹೋಗ್ಬಿಟ್ಟೆ’ ಅಂದರು.

ಆಸ್ಪತ್ರೆಯಲ್ಲಿ ‘ಮಖ ಸರಿಯಾಗಿ ನೋಡ್ಲಿಲ್ಲ’ ಅಂದಿದ್ದವರು ಅವನು ಹೋದದ್ದನ್ನು ನೋಡಿದ್ದರು. ಆ ಪ್ರಶ್ನೆಗೆ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ‘ಹೋಗು ಅಂದ್ರು’ ಅಂತ ಹೇಳಬಹುದಿತ್ತು, ಹೇಳಲಿಲ್ಲ. ಅತ್ತ, ಅಷ್ಟೇ.

ಆಮೇಲೆ ನಳದಲ್ಲಿ ನೀರು ಬಿಡುವ ದಿನ ಅವನು ಬಂದು ಡ್ರಮ್ಮು, ಕೊಡ ತುಂಬಿಸಿಕೊಡುತ್ತಿದ್ದ. ಮೊದಮೊದಲು ಆಯಮ್ಮ ಬೇಡ ಅಂದರು. ಮಗಳಿಗೂ ಮುಜುಗರ. ಕೆಲವು ವಾರ ಬಂದ, ಪರೀಕ್ಷೆ ಬಂತು, ನಿಂತ. ಪರೀಕ್ಷೆ ಮುಗಿದ ಮೇಲೆ ಮತ್ತೆ ಒಂದೆರಡು ಸಲ ಬಂದ. ಈಗ ಬರುವುದಿಲ್ಲ. ನಾನು ಇದ್ದದ್ದನ್ನೇ ಬರೆಯುತ್ತಿದ್ದೇನೆ.

ಇಂಥ ಸಂದರ್ಭ ಎದುರಾದವರಿಗೆ

ಮಕ್ಕಳಿಗೆ ಗಾಡಿ ಕಲಿಸುವವರು, 18 ತುಂಬಿದ ಮೇಲೆಯೇ ಕಲಿಸಿ, ಬ್ರೇಕು ಆಕ್ಸಿಲರೇಟರ್ ಜೊತೆ ಇನ್ನೊಂದನ್ನೂ ಕಲಿಸಬೇಕು. ಯಾರಿಗಾದರೂ ತಾಗಿದರೆ ಅಲ್ಲೇ ನಿಲ್ಲಬೇಕು. 108ಕ್ಕೋ 112ಕ್ಕೋ ಫೋನ್ ಮಾಡಬೇಕು. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಬೇಕು, ಪೊಲೀಸರಿಗೆ ಹೇಳಬೇಕು. ಇದು ದಯೆಯ ಮಾತಲ್ಲ, ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಡ್ರೈವರ್ ಮೇಲೆ ಹೊರಿಸಿರುವ ಕರ್ತವ್ಯ. ಜನ ಹೊಡೆಯುತ್ತಾರೆ ಅನ್ನುವ ಭಯ ಇದ್ದರೆ ಹತ್ತಿರದ ಠಾಣೆಗೆ ಹೋಗಬಹುದು, ಮನೆಗಲ್ಲ. ಈ ಹುಡುಗನಿಗೆ ಯಾರೂ ಇದನ್ನು ಹೇಳಿರಲಿಲ್ಲ. ‘ಮನೆಗೆ ಹೋಗು’ ಅಂತ ಹೇಳುವವರು ಮಾತ್ರ ಸಿಕ್ಕರು.

ಗಾಯಗೊಂಡವರಿಗೆ ಹಣ ಕೊಡುವುದರಲ್ಲಿ ತಪ್ಪಿಲ್ಲ, ಮೊದಲ ದಿನವೇ ಕೊಡಿ. ಕೊಡುವಾಗ ಕೇಸಿನ ಮಾತು ಆಡಬೇಡಿ. ಅದೇ ಮನೆಯಿಂದ ಬಂದ ಎರಡು ಹಣವನ್ನು ಆಯಮ್ಮ ಎಷ್ಟು ಬೇರೆ ಬೇರೆಯಾಗಿ ನೋಡಿದರು ಅನ್ನೋದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನಂತೆ ನಡುವೆ ನಿಲ್ಲುವವರಿಗೆ ಒಂದು ಮಾತು. ಮೊದಲ ರಾತ್ರಿ ಸುಳ್ಳಿನ ಪ್ರಸ್ತಾಪ ಬಂದಾಗಲೇ ಬೇಡ ಅನ್ನಿ. ಎರಡನೆಯ ದಿನಕ್ಕೆ ಅದು ಠಾಣೆಯ ಕಾಗದದಲ್ಲಿ ಇರುತ್ತದೆ. ನಾನು ಒಂದು ರಾತ್ರಿ ತಡ ಮಾಡಿದ್ದಕ್ಕೆ ಒಬ್ಬ ಹುಡುಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ, ಒಬ್ಬ ಚಿಕ್ಕಪ್ಪ ಠಾಣೆಯಲ್ಲಿ ತಲೆ ತಗ್ಗಿಸಿದ.

ಇನ್ನು ರಾಂಗ್ ಸೈಡಿನ ವಿಷಯ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ನಮ್ಮ ಊರಿನಲ್ಲಿ ಒಂದು ರಸ್ತೆಯಲ್ಲಿ ಸಂಜೆ ಹೊತ್ತು 400 ಮೀಟರ್ ಸುತ್ತು ಉಳಿಸಲು ಎಷ್ಟು ಜನ ನುಗ್ಗುತ್ತಾರೆ ಅಂತ ಒಂದು ದಿನ ನಿಂತು ನೋಡಿ. ಹುಡುಗನ ಅಪ್ಪ ಮೊದಲ ರಾತ್ರಿ ಹೇಳಿದ್ದ ಮಾತೂ ಅದೇ, ‘ಅಲ್ಲಿ ಎಲ್ರೂ ಹಂಗೇ ಹೋಗ್ತಾರೆ ಮೇಡಂ’. ಆ ‘ಎಲ್ರೂ’ ಯಾರು ಅಂತ ಕೇಳಿಕೊಂಡಾಗ ಆಟೋದಲ್ಲಿ ಸುಮ್ಮನೆ ಕೂತಿದ್ದ ನಾನೂ ಅದರಲ್ಲಿದ್ದೆ. ಈಗ ಡ್ರೈವರಿಗೆ ಸರ್ಕಲ್ ಸುತ್ತಿ ಹೋಗಪ್ಪ ಅನ್ನುತ್ತೇನೆ. ಹತ್ತು ರೂಪಾಯಿ ಜಾಸ್ತಿ ಕೇಳುತ್ತಾರೆ, ಕೊಡುತ್ತೇನೆ.

ಆಯಮ್ಮ ಐದನೇ ತಿಂಗಳು ಭಟ್ಟಿಗೆ ವಾಪಸ್ ಹೋದರು. ಒಲೆ ಮುಂದೆ ನಿಂತು ಹುರಿಯುವ ಕೆಲಸ ಆಗುವುದಿಲ್ಲ. ಕೂತು ಚೀಲ ತುಂಬುವ ಕೆಲಸ ಕೊಟ್ಟಿದ್ದಾರೆ, ಕೂಲಿ ಮೊದಲಿಗಿಂತ ಕಡಿಮೆ. ಪರಿಹಾರದ ಅರ್ಜಿ ಇನ್ನೂ ನಡೆಯುತ್ತಿದೆ. ಮುಂದಿನ ವಾಯಿದೆಗೆ ಡಾಕ್ಟರ್ ಸಾಕ್ಷಿ ಇದೆ, ಕಾಲಿನ ಊನ ಶೇಕಡಾ ಎಷ್ಟು ಅಂತ ಹೇಳಲು. ಆ ದಿನ ಆಯಮ್ಮನನ್ನು ಕೋರ್ಟಿಗೆ ಕರೆದುಕೊಂಡು ಬರುವುದು ಅದೇ ಆಟೋ ಅಣ್ಣ. ಹನ್ನೊಂದಕ್ಕೆ ಅಂತ ಹೇಳಿದ್ದೇವೆ.